ಸೋರುವುದೊಂದು ಕಡೆ, ಬೀಳುವುದೊಂದು ಕಡೆ

ಅಮೆರಿಕದ ಒಹಾಯೋದಲ್ಲಿರುವ ನನ್ನ ಅಕ್ಕನ ಮಗ ಮೊನ್ನೆ ಬೆಳಗಿನ ಐದೂವರೆಗೆ ವಿಡಿಯೋ ಕಾಲ್ ಮಾಡಿದ. ಆ ಹೊತ್ತಿಗೆ ಫೋನು ಬಂತೆಂದರೆ ನಮ್ಮ ಕಡೆಯವರ ಎದೆ ಧಸಕ್ಕೆನ್ನುತ್ತದೆ. ಊರಲ್ಲಿ ಯಾರು ಹೋದರಪ್ಪ ಎಂದು ವಯಸ್ಸಿನ ಪ್ರಕಾರ ಮನಸ್ಸಿನಲ್ಲೇ ಪಟ್ಟಿ ಮಾಡುತ್ತ ಎತ್ತಿದೆ. ಯಾರೂ ಹೋಗಿರಲಿಲ್ಲ. ಅವನ ಗಾಡಿಯ ನೆಲ ಹೋಗಿತ್ತು.

ಗಾಡಿ ಎಂದರೆ ಕಾರಲ್ಲ; ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಚಪ್ಪಟೆ ಪೆಟ್ಟಿಗೆ. ಹೋದಲ್ಲಿ ನಿಲ್ಲಿಸಿ ಹಿಡಿ ತಿರುಗಿಸಿದರೆ ಮುಚ್ಚಳ ಮೇಲೇಳುತ್ತದೆ, ಆಚೆಗೊಂದು ಈಚೆಗೊಂದು ಹಾಸಿಗೆ ಹೊರಗೆ ಚಾಚುತ್ತದೆ, ಸುತ್ತ ಕ್ಯಾನ್ವಾಸಿನ ಗೋಡೆ. ಪಾಪ್-ಅಪ್ ಕ್ಯಾಂಪರ್ ಅಂತ ಅದರ ಹೆಸರು. ಯಾರೋ ಮುದುಕ ಮಾರಿದ್ದನ್ನು ಇವನು ಅಗ್ಗದಲ್ಲಿ ಕೊಂಡಿದ್ದಾನೆ. ನನ್ನಾಕೆ ಹಿಂದಿನಿಂದ ಇಣುಕಿ, "ಡೇರೆ ಮೇಳದ್ ಸಾಮಾನ್ ಕಂಡಾಂಗ್ ಇತ್ತಲೆ" ಎಂದಳು. ಅವನು ಕ್ಯಾಮೆರಾವನ್ನು ಒಳಕ್ಕೆ ತಿರುಗಿಸಿದ. ಚಾವಣಿಯ ಮೂಲೆಯಲ್ಲಿ ಕಂದು ಕಲೆ, ಅದರ ಕೆಳಗೆ ಪೆಟ್ಟಿಗೆಯ ಉಬ್ಬಿದ ಹಲಗೆ, ನೆಲದ ಪ್ಲೈವುಡ್ಡಿನಲ್ಲಿ ಅಂಗೈಯಗಲದ ಮೆತ್ತನೆಯ ಜಾಗ.

"ಮಾವ, ನಿಮ್ಮ ಓಮ್ನಿಗೆ ಆವಾಗ ಎಂತ ಮಾಡಿದ್ರಿ?"

ಮೂವತ್ತಮೂರು ವರ್ಷ ಬ್ಯಾಂಕಿನಲ್ಲಿ ದುಡಿದೆ. ದುಡ್ಡಿನ ವಿಷಯದಲ್ಲಿ ನೆಂಟರ ಪೈಕಿ ಒಬ್ಬನೂ ನನ್ನ ಸಲಹೆ ಕೇಳಿದ್ದಿಲ್ಲ. ಕೊನೆಗೂ ಒಬ್ಬ ಸೋರುವ ವಿಷಯದಲ್ಲಿ ಕೇಳಿದ. ಎದ್ದು ಕನ್ನಡಕ ಹಾಕಿಕೊಂಡು ಕೂತೆ.

ಆ ಓಮ್ನಿಯ ಬಗ್ಗೆ ಹೇಳಬೇಕು. ಮಾರುತಿಯವರು 1984ರಲ್ಲಿ 'ವ್ಯಾನ್' ಎಂಬ ಸೀದಾ ಹೆಸರಲ್ಲಿ ಬಿಟ್ಟ ಗಾಡಿ ಅದು. ಓಮ್ನಿ ಎಂಬ ನಾಮಕರಣ ಆದದ್ದು 1988ರಲ್ಲಿ. ಬ್ರೆಡ್ಡಿನ ಆಕಾರ, ಎರಡೂ ಬದಿಗೆ ಜಾರುವ ಬಾಗಿಲು, 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್. ಆ ಎಂಜಿನ್ ಇರುವುದು ಮುಂದಿನ ಸೀಟುಗಳ ಅಡಿಯಲ್ಲಿ. ಘಾಟಿ ಹತ್ತುವಾಗ ಕೂತವರ ಅಡಿಯಲ್ಲಿ ಕಡುಬು ಬೇಯಿಸುವಷ್ಟು ಶಾಖ. ನಾನು 1998ರ ಮಾದರಿಯದ್ದನ್ನು 2001ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡೆ. ನನ್ನ ಸಹೋದ್ಯೋಗಿಗಳು ಸ್ಯಾಂಟ್ರೋ, ಝೆನ್ ಎಂದು ಕನಸು ಕಾಣುತ್ತಿದ್ದ ಕಾಲ. ನಾನು ಆಂಬುಲೆನ್ಸಿಗೂ ಶಾಲಾ ಮಕ್ಕಳಿಗೂ ಸಿನಿಮಾದ ಅಪಹರಣಕಾರರಿಗೂ ಒಪ್ಪುವ ಗಾಡಿ ತಂದದ್ದಕ್ಕೆ ಒಂದೇ ಕಾರಣ, ಅದರಲ್ಲಿ ಮಲಗಬಹುದು.

ಯಾಕೆಂದರೆ ಮೇ ತಿಂಗಳಲ್ಲಿ ಊರಿಗೆ ಹೋಗಬೇಕು. ಮುಂಬಯಿಯಲ್ಲಿರುವ ದಕ್ಷಿಣ ಕನ್ನಡ, ಉಡುಪಿ ಕಡೆಯವರಿಗೆ ಮೇ ಎಂದರೆ ತಿಂಗಳಲ್ಲ, ಒಂದು ದಿಕ್ಕು. 1998ರ ಜನವರಿ 26ಕ್ಕೆ ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದ ಮೇಲೆ ಸಂಕಟ ತೀರಿತು ಎಂದುಕೊಂಡೆವು. ಆದರೆ ಊರಿನವರೆಲ್ಲ ಒಟ್ಟಿಗೇ ಹಾಗೆ ಅಂದುಕೊಂಡದ್ದರಿಂದ ಮತ್ಸ್ಯಗಂಧದ ಟಿಕೇಟು ವೇಟಿಂಗ್ ಲಿಸ್ಟಿನಿಂದ ಮೇಲೇಳುತ್ತಿರಲಿಲ್ಲ. ಆಗ ಹೊಳೆದದ್ದು ವ್ಯಾನು. ಬೊರಿವಿಲಿಯ ಒಬ್ಬ ಗುಜರಾತಿ ಮಿಸ್ತ್ರಿಯಿಂದ ನಡುವಿನ ಸೀಟು ತೆಗೆಸಿ ಹಿಂದಿನವರೆಗೆ ಒಂದು ಪ್ಲೈವುಡ್ಡಿನ ಮಂಚ ಮಾಡಿಸಿದೆ. ಅಡಿಯಲ್ಲಿ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಪಂಪ್ ಸ್ಟೌ, ಕುಚ್ಚಲಕ್ಕಿ, ಉಪ್ಪಿನಕಾಯಿ ಭರಣಿ. ನನ್ನಾಕೆಯ ಹಳೆ ಸೀರೆ ಹರಿದು ಕಿಟಕಿಗೆ ಪರದೆ. ಮೇಲೆ ಕ್ಯಾರಿಯರ್, ಅದರ ಮೇಲೆ ನೀಲಿ ತಾಡಪತ್ರಿ.

ಮಿಸ್ತ್ರಿ ಕೇಳಿದ್ದ, "ಮರೀನ್ ಪ್ಲೈ ಹಾಕಲಾ ಸಾಹೇಬ್, ಕಮರ್ಶಿಯಲ್ ಹಾಕಲಾ?" ಮರೀನ್ ಎಂದರೆ ಐಎಸ್ 710 ಎಂಬ ಮುದ್ರೆ ಇರುವ, ಕುದಿಯುವ ನೀರಿನಲ್ಲಿ ಹಾಕಿದರೂ ಪದರ ಬಿಡದ ಪ್ಲೈ. ಕಮರ್ಶಿಯಲ್ ಎಂದರೆ ಐಎಸ್ 303. ಮನೆಯೊಳಗಿನ ಕಪಾಟಿಗೆ ಸಾಕು. ನಾನು ಬ್ಯಾಂಕಿನವನು. "ಇದೇನು ಹಡಗಾ?" ಎಂದು ನಕ್ಕು ಮುನ್ನೂರು ರೂಪಾಯಿ ಉಳಿಸಿದೆ. ಆ ನಗು ಇನ್ನೂ ನೆನಪಿದೆ.

ಮುಂಬಯಿಯಲ್ಲಿ ನಾವಿರುವ ದಹಿಸರಿನಿಂದ ಊರಿಗೆ ಹೋಗುವುದರಲ್ಲಿ ಒಂದು ತಮಾಷೆ ಉಂಟು. ಊರಿರುವುದು ದಕ್ಷಿಣಕ್ಕೆ, ಹೊರಡುವುದು ಉತ್ತರಕ್ಕೆ. ಚೆಕ್‌ನಾಕಾ ದಾಟಿ, ಟೋಲ್ ಕೊಟ್ಟು, ಕಾಶಿಮಿರಾ ಕಳೆದು ಬಲಕ್ಕೆ ಘೋಡ್‌ಬಂದರ್ ರಸ್ತೆ ಹಿಡಿದು, ಠಾಣೆ ಸುತ್ತಿ, ಪನ್ವೇಲ್ ಮುಟ್ಟಿದ ಮೇಲೆಯೇ ಗಾಡಿಯ ಮೂತಿ ಊರ ಕಡೆಗೆ ತಿರುಗುತ್ತದೆ. ಆಗಿನ ಹೆದ್ದಾರಿ 17, ಈಗಿನ 66. ಎಂಟುನೂರು ಕಿಲೋಮೀಟರಿಗೆ ಮಿಕ್ಕಿದ ದಾರಿ. ಕಶೇಡಿ ಘಾಟಿಯಲ್ಲಿ ಚಹಾ, ಸಂಗಮೇಶ್ವರದಲ್ಲಿ ಗಂಜಿ, ಕಣಕವಲಿಯ ಪೆಟ್ರೋಲ್ ಪಂಪಿನ ಬದಿಗೆ ನಿದ್ದೆ. ಮಕ್ಕಳಿಬ್ಬರು ಮಂಚದಲ್ಲಿ, ನನ್ನಾಕೆ ಮುಂದಿನ ಸೀಟಿನಲ್ಲಿ. ನಾನು ಮಕ್ಕಳ ಕಾಲಡಿಯಲ್ಲಿ ಅಡ್ಡ ಮಲಗಿ, ಉಳಿದ ಕಾಲನ್ನು ಜಾರುಬಾಗಿಲಿನಿಂದ ಮಹಾರಾಷ್ಟ್ರಕ್ಕೆ ಬಿಟ್ಟಿರುತ್ತಿದ್ದೆ.

ಒಂದು ರಾತ್ರಿ ಖೇಡ್ ಹತ್ತಿರ ಪೊಲೀಸರು ಟಾರ್ಚು ಹಿಡಿದು ನಿಲ್ಲಿಸಿದರು. ಪರದೆ ಹಾಕಿದ ಬಿಳಿ ಓಮ್ನಿ, ಒಳಗೆ ಮಲಗಿದ ಮಕ್ಕಳು, ಮೂರು ದಿನದ ಗಡ್ಡದ ಡ್ರೈವರು. ಹಿಂದಿ ಸಿನಿಮಾ ನೋಡಿದ ಯಾರಿಗಾದರೂ ಅನುಮಾನ ಬರಬೇಕಾದದ್ದೇ. ಮಗನನ್ನು ಎಬ್ಬಿಸಿ ನನ್ನ ಮುಖಕ್ಕೆ ಟಾರ್ಚು ಬಿಟ್ಟು "ಹಾ ಕೋಣ್ ಆಹೆ?" ಎಂದು ಮರಾಠಿಯಲ್ಲಿ ಕೇಳಿದರು. ಆರು ವರ್ಷದ ನನ್ನ ವಂಶೋದ್ಧಾರಕ ಅರೆಗಣ್ಣಿನಲ್ಲಿ ನೋಡಿ, "ಮಾಹೀತ್ ನಾಹೀ" ಎಂದವನೇ ಮಗ್ಗುಲು ತಿರುಗಿ ಮಲಗಿದ. ನಮ್ಮನ್ನು ಬಿಡಿಸಿದ್ದು ನನ್ನ ಬ್ಯಾಂಕಿನ ಗುರುತಿನ ಚೀಟಿಯಲ್ಲ, ನನ್ನಾಕೆ ನನಗೆ ಬೈದ ರೀತಿ. ಹಾಗೆ ಬೈಯುವವಳು ಹೆಂಡತಿಯೇ ಎಂದು ಹವಾಲ್ದಾರರಿಗೆ ಖಾತ್ರಿಯಾಯಿತು.

ಇನ್ನು 2005ರ ಜುಲೈ 26. ಮಂಗಳವಾರ.

ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಅದೇ ಹೊತ್ತಿಗೆ ಕೊಲಾಬಾದಲ್ಲಿ 73. ಹಾಗಾಗಿ ಆ ತುದಿಯ ಫೋರ್ಟ್ ಕಡೆಯ ಕಚೇರಿಯವರು ನಾವು ಉಪನಗರದವರು ರಜೆಗಾಗಿ ಕಥೆ ಕಟ್ಟುತ್ತಿದ್ದೇವೆ ಎಂದೇ ಸ್ವಲ್ಪ ಹೊತ್ತು ತಿಳಿದಿದ್ದರು. ಲೋಕಲ್ ನಿಂತಿತು. ನಾನು ಅಂಧೇರಿಯಿಂದ ಹೈವೇಯಲ್ಲಿ ನಡೆಯತೊಡಗಿದೆ. ನಡೆಯುವವರ ಒಂದು ಜಾತ್ರೆಯೇ ಇತ್ತು; ಗುರುತಿಲ್ಲದ ಜನ ಬಾಗಿಲಿಗೆ ನಿಂತು ಬಿಸ್ಕೀಟು, ಚಹಾ ಕೊಡುತ್ತಿದ್ದರು. ದಹಿಸರ್ ಮುಟ್ಟುವಾಗ ಬೆಳಗಾಗಿತ್ತು.

ದಹಿಸರ್ ನದಿ ಎಂದರೆ ಈಗಿನವರಿಗೆ ನಗು. ಅದು ತುಳಸಿ ಕೆರೆಯಲ್ಲಿ ಹುಟ್ಟಿ, ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿ ಇಳಿದು, ಹನ್ನೆರಡು ಕಿಲೋಮೀಟರಿನಷ್ಟು ಹರಿದು ಮನೋರಿ ಖಾಡಿ ಸೇರುವ ಹೊಳೆ. ಹಿಂದೆ ಸಿನಿಮಾದವರು ಇದರ ದಡಕ್ಕೆ ಶೂಟಿಂಗಿಗೆ ಬರುತ್ತಿದ್ದರು. ಆಮೇಲೆ ತಬೇಲಾಗಳ ಸೆಗಣಿಯೂ ಬಸ್ತಿಗಳ ಕೊಳಚೆಯೂ ಸೇರಿ ನಾಲಾ ಆಯಿತು, ಜನರೂ ನಾಲಾ ಎಂದೇ ಕರೆದರು. ಆ ರಾತ್ರಿ ಅದಕ್ಕೆ ತಾನು ನದಿ ಎಂಬುದು ನೆನಪಾಯಿತು.

ನಮ್ಮ ಸೊಸೈಟಿಯ ಅಂಗಳದಲ್ಲಿ ಎದೆಮಟ್ಟ ನೀರು ಬಂದು ಹೋಗಿತ್ತು. ವ್ಯಾನು ತೇಲಿದೆ. ತೇಲಿ, ಅರ್ಧ ಸುತ್ತು ತಿರುಗಿ, ಗೇಟಿಗೆ ಮುಖ ಮಾಡಿ ಕೂತಿದೆ. "ರಾತ್ರಿ ಕಿಟಕಿಯಿಂದ ಕಂಡೆ ಅಲ್ದಾ, ನಿಮ್ಮನ್ನ್ ಬಿಟ್ಟಿಕಿ ಒಂದೇ ಊರಿಗ್ ಹೊರಟಿತ್" ಎಂದಳು ನನ್ನಾಕೆ. ಆ ರಾತ್ರಿ ಈ ನಗರದಲ್ಲಿ ನೂರಾರು ಜನ ಸತ್ತರು. ನಮ್ಮದು ಬರಿ ಒಂದು ವ್ಯಾನು. ಅದಕ್ಕಾಗಿ ಅಳುವುದು ನಾಚಿಕೆಗೇಡು ಎಂದು ಗೊತ್ತಿತ್ತು. ಹಾಗಾಗಿ ಬಾತ್‌ರೂಮಿಗೆ ಹೋಗಿ ಅತ್ತೆ.

ನೀರು ಕುಡಿದ ಗಾಡಿಗೆ ಕೀ ತಿರುಗಿಸಬಾರದು. ಇದು ನನಗೆ ಗೊತ್ತಿತ್ತು, ಕೆಳಮನೆಯ ಪರೋಪಕಾರಿಗೆ ಗೊತ್ತಿರಲಿಲ್ಲ. ನಾನು ಸ್ನಾನಕ್ಕೆ ಹೋದ ಹತ್ತು ನಿಮಿಷದಲ್ಲಿ ಕೀ ಇಸಿದುಕೊಂಡು "ಸ್ಟಾರ್ಟ್ ಮಾಡಿ ನೋಡುವ" ಎಂದು ನೋಡಿದ್ದಾರೆ. ಪಿಸ್ಟನ್ನು ಗಾಳಿಯನ್ನು ಅಮುಕಬಲ್ಲದು, ನೀರನ್ನು ಅಮುಕಲಾರದು; ಅಮುಕಲು ಹೋದರೆ ಕನೆಕ್ಟಿಂಗ್ ರಾಡೇ ಬಗ್ಗುತ್ತದೆ. ಟಕ್ ಎಂದಿತಂತೆ, ಅಷ್ಟೇ. ವಿಮೆಯವರ ಪರಿಶೀಲಕರು ಬಂದು, ಮೂಗಿಗೆ ಕರವಸ್ತ್ರ ಹಿಡಿದು, "ನೀರು ತಾನಾಗಿ ಮಾಡಿದ್ದೆಷ್ಟು, ಕೀ ಮಾಡಿದ್ದೆಷ್ಟು?" ಎಂದು ಕೇಳಿದರು. ಆ ಲೆಕ್ಕ ಇವತ್ತಿನವರೆಗೆ ಇತ್ಯರ್ಥ ಆಗಿಲ್ಲ. ಪರೋಪಕಾರಿಗಳು ದೀಪಾವಳಿಗೆ ಈಗಲೂ ಸ್ವೀಟ್ ಬಾಕ್ಸ್ ಕೊಡುತ್ತಾರೆ.

ಹೈವೇ ಬದಿಯ ಒಂದು ಗ್ಯಾರೇಜಿಗೆ ಎಳೆಸಿಕೊಂಡು ಹೋದೆ. ಅಲ್ಲಿದ್ದವರು ಜೌನ್‌ಪುರದ ಒಬ್ಬ ಚಾಚಾ. ಮುಂದಿನ ಸೀಟು ಎತ್ತಿ ಎಂಜಿನ್ನಿನ ಕಡ್ಡಿ ಎಳೆದು ತೋರಿಸಿದರು. ಆಯಿಲ್ ಹಾಲು ಹೆಚ್ಚಾದ ಫಿಲ್ಟರ್ ಕಾಫಿಯ ಬಣ್ಣ. ಆಯಿಲ್ ಮೂರು ಸಲ ಬದಲಿಸಬೇಕು, ರಾಡು ಹೊಸದು ಹಾಕಬೇಕು, ಸೈಲೆನ್ಸರಿನೊಳಗೆ ಕೆಸರಿದೆ ಎಂದೆಲ್ಲ ಹೇಳಿ, "ಎಂಜಿನ್ ಕಾ ಟೆನ್ಷನ್ ಮತ್ ಲೋ ಸಾಬ್" ಎಂದರು. ಆಮೇಲೆ ನೆಲಹಾಸಿನ ತುದಿ ಎತ್ತಿ ಮೂಸಿದರು. "ಪಾನೀ ಮೆಹಮಾನ್ ನಹೀ ಹೈ, ಕಿರಾಯೇದಾರ್ ಹೈ." ನೀರು ನೆಂಟನಲ್ಲ, ಬಾಡಿಗೆದಾರ. ಮುಂಬಯಿಯಲ್ಲಿ ಮನೆ ಬಾಡಿಗೆಗೆ ಕೊಟ್ಟು ಕೋರ್ಟಿಗೆ ಅಲೆದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ.

ಎಂಜಿನ್ನು ಮೂರು ವಾರದಲ್ಲಿ ಸರಿಯಾಯಿತು. ಒಳಗಿನ ನೀರು ನಾಲ್ಕು ವರ್ಷ ಇತ್ತು.

ಮೊದಲು ಹೋದದ್ದು ಮಂಚ. ಕಮರ್ಶಿಯಲ್ ಪ್ಲೈ ಒಣಗಲು ಇಟ್ಟಷ್ಟೂ ಬಿಚ್ಚಿಕೊಂಡು, ಮದುವೆಮನೆಯ ಚಿರೋಟಿಯ ಹಾಗೆ ಪದರಪದರವಾಗಿ ಎದ್ದು ನಿಂತಿತು. ಸಕ್ಕರೆಪುಡಿಯ ಬದಲು ಬೂಷ್ಟು. ಸೀಟಿನ ಸ್ಪಂಜನ್ನು ಟೆರೇಸಿಗೆ ಹಾಕಿದರೆ ಹಿಂಡಿದಷ್ಟೂ ನೀರು. ನಾನೂ ಮಗನೂ ಅದರ ಮೇಲೆ ಕುಣಿದೆವು, ಮಗಳು ಲೆಕ್ಕ ಹಾಕಿದಳು. ಕಾರ್ಪೆಟ್ಟಿನ ಅಡಿಯಲ್ಲಿ ನಾರಿನ ಮೆತ್ತೆ ಒಂದಿರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಅದನ್ನು ತೆಗೆಯದೆ ಮೇಲೆ ಹೊಸ ಕಾರ್ಪೆಟ್ ಹೊಲಿಸಿದೆ. ಒದ್ದೆ ತಲೆಗೆ ಮುಂಡಾಸು ಕಟ್ಟಿದ ಹಾಗಾಯಿತು.

ಆಮೇಲೆ ವಾಸನೆ. ಬೇಸಿಗೆಯಲ್ಲಿ ಇರುವುದಿಲ್ಲ. ಜೂನಿನ ಮೊದಲ ಮೋಡ ಕವಿದ ಕೂಡಲೇ ಎಲ್ಲೋ ಅಡಗಿ ಕೂತಿದ್ದದ್ದು ಎದ್ದು ಬರುತ್ತದೆ. ನಾನು ಇದ್ದಿಲು ಇಟ್ಟೆ, ನುಸಿಗುಳಿಗೆ ಇಟ್ಟೆ, ಉಡುಪಿ ಹೋಟೆಲಿನ ಭಟ್ಟರಿಂದ ಒಣಗಿದ ಕಾಫಿಚರಟ ತಂದಿಟ್ಟೆ. ಚಾಚಾ ಲೋಬಾನ ಹಾಕಿದರು. ಎಲ್ಲ ಸೇರಿ ದರ್ಗಾದ ಪಕ್ಕದ ಹೋಟೆಲಿನಲ್ಲಿ ಯಾರೋ ಕಂಬಳಿ ನೆನೆಹಾಕಿದಂತೆ ಆಯಿತು. ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಿದ್ದರು. ನನ್ನಾಕೆ ಮಾತ್ರ ಒಮ್ಮೆ ಕಣ್ಣು ಮುಚ್ಚಿ ಉಸಿರೆಳೆದು, "ಮಳೆಗಾಲದಂಗೆ ಶಾಲೆಗ್ ಹೊತ್ಕಂಡ್ ಹೋಪು ಚೀಲದ್ ವಾಸ್ನೆ" ಎಂದಳು. ಅಂದಿನಿಂದ ನಾನು ಆ ವಾಸನೆಯನ್ನು ಓಡಿಸಲು ಹೋಗಲಿಲ್ಲ.

ನೆಲ ಹೋದದ್ದು ಗೊತ್ತಾದ ಬಗೆ ಬೇರೆ. ನಾನು ಸ್ವಲ್ಪ ಜೋರಾಗಿ ಓಡಿಸಿದರೆ ನನ್ನಾಕೆ ತನ್ನ ಕಡೆಯಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಾಳೆ. ಎಲ್ಲ ಹೆಂಡಂದಿರೂ ಒತ್ತುತ್ತಾರೆ ಎಂದು ಕೇಳಿದ್ದೇನೆ. 2009ರ ಮೇ ತಿಂಗಳಲ್ಲಿ ಚಿಪ್ಳೂಣದ ಪರಶುರಾಮ ಘಾಟಿ ಇಳಿಯುವಾಗ ಎದುರಿಗೆ ಲಾರಿ ಬಂತು, ಅವಳು ಒತ್ತಿದಳು, ಕಾಲು ಒಳಗೆ ಹೋಯಿತು. ಕಾರ್ಪೆಟ್ ಹರಿದು, ಜಂಗು ತಿಂದ ಪತ್ರಾ ಬಿಸ್ಕೀಟಿನಂತೆ ಮುರಿದು, ಕೆಳಗೆ ಹೆದ್ದಾರಿ 17 ಓಡುತ್ತಿರುವುದು ಕಂಡಿತು. ಪೆಟ್ಟೇನೂ ಆಗಲಿಲ್ಲ, ಚಪ್ಪಲಿ ಮಾತ್ರ ಪರಶುರಾಮನಿಗೆ ಹೋಯಿತು. ಕೊಡಲಿ ಎಸೆದು ಸಮುದ್ರವನ್ನೇ ಹಿಂದೆ ಸರಿಸಿದವನ ಸೃಷ್ಟಿಯವರು ನಾವು. ಒಂದು ವ್ಯಾನಿನೊಳಗಿನ ನೀರು ಸರಿಸಲಾಗಲಿಲ್ಲವಲ್ಲ ಎಂದು ಬೇಜಾರಾಯಿತು.

ಚಾಚಾ ಈ ಸಲ ಎಲ್ಲ ಕಿತ್ತರು. ನಾರಿನ ಮೆತ್ತೆ ಹೊರಬಂತು; ಅದರಲ್ಲಿ ದಹಿಸರ್ ನದಿ ಕರಿ ಮಣ್ಣಾಗಿ ಕೂತಿತ್ತು. ಅಷ್ಟೇ ಅಲ್ಲ, ಅದು ಹಸಿಯಾಗಿತ್ತು. ಪ್ರವಾಹ ಹೋಗಿ ನಾಲ್ಕು ವರ್ಷ ಆದ ಮೇಲೆ ಹಸಿ ಹೇಗೆ? "ಯೇ ಪುರಾನಾ ಪಾನೀ ನಹೀ, ನಯಾ ಹೈ," ಎಂದರು ಚಾಚಾ. ಹಳೆಯ ಬಾಡಿಗೆದಾರ ತನ್ನ ನೆಂಟರನ್ನೂ ಕರೆಸಿಕೊಂಡಿದ್ದ. ಜಂಗು ಹಿಡಿದದ್ದನ್ನು ತಂತಿಬ್ರಶ್ಶಿನಿಂದ ಉಜ್ಜಿ, ಕತ್ತರಿಸಿ, ಗುಜರಿಯ ಫ್ರಿಜ್ಜಿನ ಬಾಗಿಲಿನಿಂದ ಪತ್ರಾ ತೆಗೆದು ಗ್ಯಾಸ್ ವೆಲ್ಡಿಂಗ್ ಮಾಡಿ, ರೆಡ್ ಆಕ್ಸೈಡ್ ಬಳಿದು, ಅಡಿಗೆ ಡಾಮರಿನಂಥ ಕರಿ ಲೇಪ ಹಚ್ಚಿಕೊಟ್ಟರು. ನಮ್ಮ ವ್ಯಾನಿನ ನೆಲದ ಒಂದು ಮೂಲೆ ಇವತ್ತಿಗೂ ಫ್ರಿಜ್ಜಿನ ತಿಳಿನೀಲಿ.

ಆದರೆ ಹೊಸ ನೀರು ಬರುವುದೆಲ್ಲಿಂದ? ಮಳೆಯಲ್ಲಿ ಓಡಿಸುವಾಗ ಒಂದು ಹನಿ ಸರಿಯಾಗಿ ನನ್ನಾಕೆಯ ಎಡಭುಜಕ್ಕೆ ಬೀಳುತ್ತಿತ್ತು. ಅದಕ್ಕೆ ನೇರ ಮೇಲಿನ ಜಾಗಕ್ಕೆ ನಾನು ಎಮ್-ಸೀಲ್ ಹಚ್ಚಿದೆ. ಉಯಿಲಿನ ಮೇಲೆ ಒಂದು ಹನಿ ಬಿದ್ದು ಮಗನ ಭಾಗ್ಯವೇ ತೊಳೆದುಹೋಗುವ ಜಾಹೀರಾತು ಬರುತ್ತಿತ್ತಲ್ಲ, ಅದನ್ನು ನೋಡಿ ಬಂದ ಹುಮ್ಮಸ್ಸು. ಹನಿ ನಿಲ್ಲಲಿಲ್ಲ. ಅದರ ಸುತ್ತ ಸಿಲಿಕೋನ್ ಟ್ಯೂಬ್ ಹಿಂಡಿದೆ. ಹನಿ ನಿಲ್ಲಲಿಲ್ಲ. ಗಾಜಿನ ಬೀಡಿಂಗ್ ಬದಲಿಸಿದೆ. ಅವಳು ಭುಜದ ಮೇಲೊಂದು ಟವೆಲು ಹಾಕಿ ಕೂರಲು ಶುರುಮಾಡಿದಳು, ಪಂಚಾಯತಿ ಕಟ್ಟೆಯ ಗುರಿಕಾರರ ಹಾಗೆ.

ಆಗ ಅಪ್ಪಯ್ಯ ನೆನಪಾದರು. ಊರಿನ ನಮ್ಮ ಮನೆ ಮಂಗಳೂರು ಹಂಚಿನದು. ಮಳೆಗಾಲಕ್ಕೆ ಮುಂಚಿನ ಹತ್ನಾವಧಿ ಹತ್ತಿರ ಬಂದು, ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ, ಅಪ್ಪಯ್ಯ ಏಣಿ ಇಟ್ಟು ಮಾಡು ಹತ್ತುತ್ತಿದ್ದರು. ಹಂಚು ಕೈಯಾಡಿಸುವುದು ಎಂದರೆ ಒಡೆದದ್ದನ್ನು ಬದಲಿಸಿ, ಜಾರಿದ್ದನ್ನು ಸರಿಸಿ, ಎಲೆಕಸ ಗುಡಿಸುವುದು. ಒಳಗೆ ನಿಂತ ನಾನು ಕಳೆದ ವರ್ಷ ನೀರು ಬಿದ್ದ ಜಾಗಕ್ಕೆ ಕೋಲಿನಿಂದ ಕುಟ್ಟಿ "ಇಲ್ಲಿ, ಇಲ್ಲಿ" ಎಂದು ಕೂಗಬೇಕು. ಅಪ್ಪಯ್ಯ ಅಲ್ಲಿಗೆ ಬರುತ್ತಲೇ ಇರಲಿಲ್ಲ. ಐದಾರು ಹಂಚು ಮೇಲಕ್ಕೆ, ಒಂದು ಪಕ್ಕಾಸಿನಷ್ಟು ಆಚೆಗೆ ಹೋಗಿ ಹುಡುಕುತ್ತಿದ್ದರು. "ಸೋರೂದ್ ಒಂದ್ ಕಡೆ, ಬೀಳೂದ್ ಒಂದ್ ಕಡೆ ಮಗಾ. ಬಿದ್ದಲ್ಲ್ ಕುಟ್ಟಿರೆ ಎಂತಾ ಸಿಕ್ಕುತ್?"

ಚಾಚಾನಿಗೆ ಇದನ್ನು ಹಿಂದಿಯಲ್ಲಿ ಹೇಳಿದೆ. ಅವರು ತಮ್ಮದೊಂದು ಉಪಾಯ ಹೇಳಿದರು. ಮೇಲಿನ ರೂಫ್ ಲೈನಿಂಗ್ ಬಿಚ್ಚಿ, ಒಳಗಿನ ಪತ್ರಾಕ್ಕೆ ಮುಖಕ್ಕೆ ಹಚ್ಚುವ ಪೌಡರ್ ಉಜ್ಜಬೇಕು. ಹೊರಗಿನಿಂದ ಒಬ್ಬ ಪೈಪಿನಲ್ಲಿ ನೀರು ಬಿಡಬೇಕು, ಇನ್ನೊಬ್ಬ ಟಾರ್ಚು ಹಿಡಿದು ಒಳಗೆ ಕೂರಬೇಕು. ನೀರು ಹೋದ ದಾರಿ ಪೌಡರಿನಲ್ಲಿ ಗೆರೆಯಾಗಿ ಮೂಡುತ್ತದೆ.

ಪೈಪು ಬಿಟ್ಟ ಎರಡನೇ ನಿಮಿಷಕ್ಕೆ ಸೊಸೈಟಿಯ ಸೆಕ್ರೆಟರಿ ಇಳಿದು ಬಂದರು. ಏಳು ಕೆರೆಗಳ ನೀರನ್ನು ಎಷ್ಟೋ ಮೈಲಿ ದೂರದಿಂದ ತಂದು ಕುಡಿಯುವ ಊರಿದು. ಗಳಿಗೆ ನೋಡಿ ಬರುವ ನೀರನ್ನು ಭಂಗಾರಕ್ಕೆ ಸುರಿಯುತ್ತೀರಾ ಎಂದು ಕೇಳಿದರು. ಮರಾಠಿಯಲ್ಲಿ ಭಂಗಾರ್ ಎಂದರೆ ಗುಜರಿ. ಕನ್ನಡದವನ ಕಿವಿಗೆ ಅದು ಬಂಗಾರವೆಂದೇ ಕೇಳುತ್ತದೆ. ಹಾಗಾಗಿ ನನಗೆ ಅಷ್ಟು ನೋವಾಗಲಿಲ್ಲ. ಮಳೆ ಬರುವವರೆಗೆ ಕಾದೆ. ಜೂನಿನ ಒಂದು ರಾತ್ರಿ ಹನ್ನೊಂದು ಗಂಟೆಗೆ ಜಡಿಮಳೆ ಹಿಡಿದಾಗ ಲುಂಗಿ ಎತ್ತಿ ಕಟ್ಟಿ, ಪಾಂಡ್ಸ್ ಪೌಡರಿನ ಡಬ್ಬಿ, ಟಾರ್ಚು ಹಿಡಿದು ಇಳಿದೆ. ಮಳೆಯಲ್ಲಿ ನಿಲ್ಲಿಸಿದ ವ್ಯಾನಿನೊಳಗೆ ಪೌಡರು ಮೆತ್ತಿದ ಮುಖದ ಗಂಡಸೊಬ್ಬ ಟಾರ್ಚು ಹಿಡಿದು ಸೂರು ನೋಡುತ್ತಿರುವುದನ್ನು ಎರಡನೇ ಮಹಡಿಯ ಹುಡುಗ ನೋಡಿ ಚೀರಿದ. ಅವನಿಗೆ ಬಹಳ ದಿನ ಜ್ವರ ಬಿಡಲಿಲ್ಲ ಎಂದು ಅವನ ಅಜ್ಜಿ ಹೇಳುತ್ತಾರೆ. ನಾನು ನಂಬುವುದಿಲ್ಲ.

ಗೆರೆ ಮಾತ್ರ ಸಿಕ್ಕಿತು. ಬಲಬದಿ, ಹಿಂದಿನ ಮೂಲೆ. ಕ್ಯಾರಿಯರಿನ ಕ್ಲಾಂಪು ಬಿಗಿದು ಬಿಗಿದು ಮಾಡಿನ ಅಂಚಿನ ತೂಬು ಬಿರುಕು ಬಿಟ್ಟಿತ್ತು. ಅಲ್ಲಿಂದ ಒಳನುಗ್ಗಿದ ನೀರು, ಲೈನಿಂಗಿನ ಅಡ್ಡಸರಳು ಹಿಡಿದು, ಅಂಗಳದ ಇಳಿಜಾರಿನಲ್ಲಿ ಮುಂದಕ್ಕೆ ಹರಿದು, ಎಡಕ್ಕೆ ದಾಟಿ, ಹೆಚ್ಚುಕಡಿಮೆ ಹತ್ತಡಿ ದೂರ ಪ್ರಯಾಣ ಮಾಡಿ ನನ್ನಾಕೆಯ ಭುಜಕ್ಕೆ ಇಳಿಯುತ್ತಿತ್ತು. ಊರಿಗೆ ಸಾಮಾನು ಹೇರಿದ ಕ್ಯಾರಿಯರೇ ನೀರಿಗೆ ಬಾಗಿಲು ತೆಗೆದದ್ದು. ಹಲಸಿನಹಣ್ಣು, ತೆಂಗಿನಕಾಯಿ, ಅಮ್ಮ ಬೇಡವೆಂದರೂ ಕಟ್ಟಿಕೊಡುತ್ತಿದ್ದ ಹಪ್ಪಳದ ಡಬ್ಬ, ಇವೆಲ್ಲದರ ಭಾರ.

ಬಿರುಕು ಮುಚ್ಚಲು ಅರ್ಧ ಗಂಟೆ ಸಾಕಾಯಿತು. ಅದಕ್ಕೆ ಮೊದಲು ನಾನು ಕಂಡಕಂಡಲ್ಲಿ ಹಿಂಡಿದ್ದ ಸಿಲಿಕೋನನ್ನು ಬ್ಲೇಡಿನಿಂದ ಕೆರೆದು ತೆಗೆಯಲು ಮೂರು ದಿನ ಹಿಡಿಯಿತು. ಸಿಲಿಕೋನ್ ಹಚ್ಚಿದ ಜಾಗಕ್ಕೆ ಬಣ್ಣವೂ ಕೂರುವುದಿಲ್ಲ, ಇನ್ನೊಂದು ಸೀಲರೂ ಕೂರುವುದಿಲ್ಲ.

ಇದನ್ನೆಲ್ಲ ಅಕ್ಕನ ಮಗನಿಗೆ ಹೇಳಿದೆ. ಕಲೆ ಇರುವಲ್ಲಿ ನೋಡಬೇಡ, ಅದಕ್ಕಿಂತ ಮೇಲೆ ನೋಡು. ಸ್ಕ್ರೂಡ್ರೈವರಿನ ಹಿಡಿಯಿಂದ ನೆಲ ಕುಟ್ಟುತ್ತಾ ಹೋಗು. ಟಣ್ ಎಂದರೆ ಒಳ್ಳೆಯದು, ಡಬ್ ಎಂದರೆ ಕೊಳೆತದ್ದು, ಟಣ್ ಸಿಗುವವರೆಗೆ ಕತ್ತರಿಸು. ಒದ್ದೆ ಮರದ ಮೇಲೆ ಏನನ್ನೂ ಅಂಟಿಸಬೇಡ, ನೀರನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗಾಗುತ್ತದೆ. ಮುನ್ನೂರು ರೂಪಾಯಿ ಉಳಿಸಬೇಡ. ಅವನು ಎಲ್ಲವನ್ನೂ ಬರೆದುಕೊಂಡ. ಕೊನೆಗೆ, "ಅಷ್ಟೆಲ್ಲ ಮಾಡಿದ ಮೇಲೆ ಎಷ್ಟು ಸಲ ಊರಿಗೆ ಹೋದ್ರಿ ಮಾವ?" ಎಂದು ಕೇಳಿದ.

ನಾಲ್ಕು ಸಲ. 2014 ಕೊನೆ.

ಆಮೇಲೆ ಮಗ ಬೆಂಗಳೂರಿಗೆ, ಮಗಳು ಪುಣೆಗೆ. ಅಪ್ಪಯ್ಯ ಹೋದರು, ಮನೆ ಪಾಲಾಯಿತು. ಹಂಚು ಇಳಿಸಿ ತಮ್ಮ ಅಲ್ಲಿ ಸ್ಲ್ಯಾಬಿನ ಮನೆ ಕಟ್ಟಿದ. ಸ್ಲ್ಯಾಬೂ ಸೋರುತ್ತದೆ ಎಂದು ಅದರ ಮೇಲೆ ಈಗ ತಗಡಿನ ಶೀಟು ಹಾಕಿಸಿದ್ದಾನೆ. ಊರಿನ ಕಾರ್ಯಕ್ಕೆ ನಾವಿಬ್ಬರು ರೈಲಿನಲ್ಲಿ ಹೋಗಿ ಬರುತ್ತೇವೆ. ಹಿರಿಯ ನಾಗರಿಕರು, ಕೆಳಗಿನ ಬರ್ತು ಸಿಗುತ್ತದೆ. ಓಮ್ನಿಯನ್ನು ಮಾಡುವುದನ್ನೇ ಕಂಪನಿ 2019ರಲ್ಲಿ ನಿಲ್ಲಿಸಿತು. 2022ರಲ್ಲಿ ನಮ್ಮ ಮನೆ ಬುಡಕ್ಕೆ ಮೆಟ್ರೋ ಬಂತು. ಅದೇ ವರ್ಷ ಏಪ್ರಿಲಿನಿಂದ ಹದಿನೈದು ವರ್ಷ ದಾಟಿದ ಕಾರಿನ ಮರುನೋಂದಣಿಗೆ 600 ಇದ್ದದ್ದು 5,000 ಆಯಿತು, ಮೇಲಿಂದ ಪರಿಸರ ತೆರಿಗೆ. ನಾನು 2023ರಲ್ಲಿ ಎರಡನ್ನೂ ಕಟ್ಟಿ ಬಂದೆ. ಈಗ 2028ರವರೆಗೆ ಚಿಂತೆಯಿಲ್ಲ. 2024ರ ಅಕ್ಟೋಬರಿನಿಂದ ದಹಿಸರ್ ನಾಕಾದಲ್ಲಿ ಕಾರುಗಳಿಗೆ ಟೋಲೂ ಇಲ್ಲ. ಇಷ್ಟು ವರ್ಷ ಟೋಲ್ ಕೊಟ್ಟು ಹೋದೆ. ಪುಕ್ಕಟೆ ಆದಾಗ ಹೋಗಲು ಊರು ಉಳಿದಿರಲಿಲ್ಲ.

ಸೆಕ್ರೆಟರಿ ಬದಲಾಗಿದ್ದಾರೆ, ಹೊಸಬರೂ ಅದೇ ಮಾತು ಕೇಳುತ್ತಾರೆ, ಯಾವಾಗ ತೆಗೆಯುತ್ತೀರಿ ಎಂದು. ಭಾನುವಾರ ಬೆಳಗ್ಗೆ ಇಳಿದು ಹತ್ತು ನಿಮಿಷ ಎಂಜಿನ್ ಓಡಿಸುತ್ತೇನೆ, ಬ್ಯಾಟರಿಗೆ ಒಳ್ಳೆಯದು. ಜಾರುಬಾಗಿಲು ತೆರೆದು ಮಂಚದ ಮೇಲೆ ಕನ್ನಡ ಪೇಪರು ಓದುತ್ತೇನೆ. ಮಂಚ ಈಗ ಮರೀನ್ ಪ್ಲೈ. ಮೇ ಕೊನೆಗೆ ಮಾಡಿನ ಅಂಚು, ಬೀಡಿಂಗ್, ಬಾಗಿಲ ಅಡಿಯ ನೀರಿನ ತೂತು, ಎಲ್ಲ ಕೈಯಾಡಿಸುತ್ತೇನೆ. ಚಾಚಾ ಜೌನ್‌ಪುರಕ್ಕೆ ಹೋಗಿಬಿಟ್ಟರು. ಅವರ ಮಗ ಬರುತ್ತಾನೆ, ಕೆಲಸಕ್ಕಿಂತ ಹೆಚ್ಚು ನಗುತ್ತಾನೆ.

ಈ ಸಲ ಮೊದಲ ಮಳೆ ಬಂದ ಸಂಜೆ ನನ್ನಾಕೆ ಫ್ಲಾಸ್ಕಿನಲ್ಲಿ ಚಹಾ ಹಿಡಿದು ಇಳಿದು ಬಂದಳು. ಇಬ್ಬರೂ ಮುಂದಿನ ಸೀಟಿನಲ್ಲಿ ಕೂತೆವು. ಗಾಜಿನ ಮೇಲೆ ನೀರು ಇಳಿಯುತ್ತಿತ್ತು. ಎದುರಿನ ಗೇಟು, ಗೇಟಿನಾಚೆ ರಿಕ್ಷಾಗಳು ಕಲಸಿಹೋಗಿ, ಅದು ದಹಿಸರೋ ಕುಮಟೆಯೋ ಹೇಳಲು ಬರುವಂತಿರಲಿಲ್ಲ. ಆ ಹನಿ ನಿಂತು ಎಷ್ಟೋ ವರ್ಷವಾಯಿತು. ಆದರೂ ಅವಳು ಎಡಭುಜವನ್ನು ಒಂದಿಷ್ಟು ಒಳಕ್ಕೆ ತಂದುಕೊಂಡೇ ಕೂತಿದ್ದಳು. "ಹ್ವಾಯ್, ಎಂಜಿನ್ ಚಾಲು ಮಾಡಿ ಕಾಂಬ, ಅಡಿ ಬೆಚ್ಚಗ್ ಆತ್" ಎಂದಳು. ಚಾಲು ಮಾಡಿದೆ. ಅಷ್ಟರಲ್ಲಿ ಹಿಂದಿನಿಂದ ಟಪ್ ಎಂದಿತು.

ಎಡಬದಿಯ ಜಾರುಬಾಗಿಲು. ಈ ಸಲ ಪೌಡರು ಬೇಕಾಗಲಿಲ್ಲ, ರಬ್ಬರು ಒಣಗಿ ಬಿರಿದದ್ದು ಕಣ್ಣಿಗೇ ಕಾಣುತ್ತದೆ. ಕುರ್ಲಾದ ಸಿಎಸ್‌ಟಿ ರಸ್ತೆಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಎರಡು ದಿನ ಅಲೆದೆ. ಬಲಬದಿಯದ್ದು ಸಿಕ್ಕಿತು, ಎಡಬದಿಯದ್ದು ಇಲ್ಲ. ಓದುಗರಲ್ಲಿ ಯಾರ ಮನೆಯ ಹಿತ್ತಲಲ್ಲಾದರೂ ಹಳೆ ಓಮ್ನಿ ನಿಂತಿದ್ದರೆ ದಯವಿಟ್ಟು ಅದರ ಎಡಬಾಗಿಲಿನ ಬೀಡಿಂಗ್ ಒಮ್ಮೆ ಬಗ್ಗಿಸಿ ನೋಡಿ. ಬಗ್ಗಿದರೆ ಸಾಕು, ಹಳೆಯದಾದರೂ ಅಡ್ಡಿಯಿಲ್ಲ. ಕೊರಿಯರ್ ಖರ್ಚು ನನ್ನದು.